ಟಾಸ್ಕ್‌ವಾರಿಯರ್: ಅವಧಿ ಮುಗಿದ ಕೆಲಸಗಳು ಪಟ್ಟಿಯಿಂದ ತೊಲಗುತ್ತಿಲ್ಲ

ಕಡತಗಾರ:
ಸಾಕಾಗಿ ಹೋಗಿದೆ. ಸೇರಿಸುವ ಪ್ರತಿ ಕೆಲಸಕ್ಕೂ ‘ಅಂಟಿಲ್’ ಕೊಟ್ಟು ಮೂರು ವಾರದ ಆಯಸ್ಸು ಕಟ್ಟುತ್ತೇನೆ. ಅಷ್ಟರಲ್ಲಿ ಕೈಹಾಕದ ಕೆಲಸ ತಾನಾಗಿ ಹೋಗಲಿ ಎಂದೇ ಟರ್ಮಿನಲ್‌ನಲ್ಲಿ ಆದೇಶ ಕೊಟ್ಟು ನಡೆಸುವ ಈ ಕೆಲಸಪಟ್ಟಿಯ ತಂತ್ರಾಂಶಕ್ಕೆ ಬಂದದ್ದು. ಒಂದೂ ಹೋಗುತ್ತಿಲ್ಲ. ‘ಹಳೆಯ ಸ್ಕ್ಯಾನರ್ ಮಾರುವುದು’ ಯುಗಾದಿಯಿಂದ ಅಲ್ಲೇ ಕುಳಿತಿದೆ. ಉಳಿದದ್ದೆಲ್ಲ ಸರಿಯಿದೆ.

ಟರ್ಮಿನಲ್_ತಾತ:
ದಿನಾಂಕದ ನಮೂನೆಯೇ ಕಾರಣ. ಅದರ ಮೂಲ ಕ್ರಮ ವರ್ಷ-ತಿಂಗಳು-ದಿನ, ನಾವು ದಿನ ಮೊದಲು ಬರೆಯುವವರು. ಡೇಟ್‌ಫಾರ್ಮ್ಯಾಟ್ ಬದಲಿಸಿ.

ಕಡತಗಾರ:
ನಾನು ದಿನಾಂಕ ಬರೆಯುವುದೇ ಇಲ್ಲ. ‘ನೌ+21ಡಿ’, ಅಂದರೆ ಈಗಿನಿಂದ 21 ದಿನ, ಎಂದಷ್ಟೇ ಕೊಡುವುದು.

ಟರ್ಮಿನಲ್_ತಾತ:
ಆದರೂ ಬದಲಿಸಿ ನೋಡಿ. ‘ಇನ್ಫೋ’ ಕೊಟ್ಟರೆ ಯಾವ ದಿನಾಂಕ ದಾಖಲಾಗಿದೆ ಎಂಬುದು ಗೊತ್ತಾಗುತ್ತದೆ.

ಕಡತಗಾರ:
ನೋಡಿದೆ. ದಿನಾಂಕ ಸರಿಯಾಗಿದೆ, ಎಂದೋ ದಾಟಿದೆ.

ಟರ್ಮಿನಲ್_ತಾತ:
ಹಾಗಾದರೆ ಸಮಯವಲಯ. ದಿನಾಂಕದ ಸುತ್ತಲೇ ಎಲ್ಲೋ ಇದೆ.

ನೀಲಿಶಾಯಿ:
ಹೇಳದೆ ಕೇಳದೆ ಕೆಲಸ ಅಳಿಸುವುದೇ ತಪ್ಪು. ವಿಮೆಯ ಕಂತು ಹೀಗೆ ಹೋದರೆ?

ಕಡತಗಾರ:
ಕಂತಿಗೆ ಕೊಡುವುದು ‘ಡ್ಯೂ’, ಅಂದರೆ ಗಡುವು; ‘ಅಂಟಿಲ್’ ಅಲ್ಲ.

ನೀಲಿಶಾಯಿ:
ಸಮಯ ನಿರ್ವಹಣೆಯ ಲೇಖಕ ಮಾರ್ಕ್ ಫಾರ್ಸ್ಟರ್ 2009ರಲ್ಲಿ ಕೊಟ್ಟ, ಕೆಲಸಗಳನ್ನು ಪುಸ್ತಕದಲ್ಲಿ ಬರೆದಿಡುವ ಆಟೋಫೋಕಸ್ ಕ್ರಮವನ್ನು ನೋಡಿ. ಪುಟವನ್ನು ಓದಿದಾಗ ಯಾವ ಕೆಲಸವೂ ಮನಸ್ಸನ್ನು ಎಳೆಯದಿದ್ದರೆ ಅಲ್ಲಿ ಉಳಿದವೆಲ್ಲ ವಜಾ. ತೀರ್ಪು ಗಡಿಯಾರದ್ದಲ್ಲ, ನಮ್ಮದು. ನಾನು ಹೊಲಿಗೆ ಬೈಂಡಿಂಗಿನ ಎ5 ಪುಸ್ತಕ ಇಟ್ಟಿದ್ದೇನೆ. ದಪ್ಪ ಕಾಗದ, ಪೆನ್ನಿನ ಶಾಯಿ ಹಿಂಬದಿಗೆ ಇಳಿಯುವುದಿಲ್ಲ. ವಜಾ ಮಾಡಲು ಹಳದಿ ಹೈಲೈಟರ್.

ಟರ್ಮಿನಲ್_ತಾತ:
ಪುಸ್ತಕದಲ್ಲಿ ಹುಡುಕುವುದು ಹೇಗೆ? ನನ್ನ ಪಟ್ಟಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲಿದೆ, ಮನೆಯ ಯಾವ ಯಂತ್ರದಿಂದಲೂ ಸಿಗುತ್ತದೆ.

ಮಲೆನಾಡ_ಮಳೆ:
ಕಡತಗಾರರೇ, ‘ಟಾಸ್ಕ್ ಶೋ ಜಿಸಿ’ ಏನು ಹೇಳುತ್ತದೆ? ಜಿಸಿ ಎಂದರೆ ಗಾರ್ಬೇಜ್ ಕಲೆಕ್ಷನ್, ಪಟ್ಟಿಯ ಕಸ ಗುಡಿಸುವ ಸೆಟ್ಟಿಂಗ್.

ಕಡತಗಾರ:
ಆಫ್. ಕೆಲಸಗಳ ಕ್ರಮಸಂಖ್ಯೆ ಬದಲಾಗಬಾರದೆಂದು ಮೊದಲಿನಿಂದಲೂ ಹಾಗೇ ಇದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಮಲೆನಾಡ_ಮಳೆ:
ಇರುವುದೇ ಅಲ್ಲಿ. ಅವಧಿ ಮುಗಿದದ್ದನ್ನು ಹೆಕ್ಕಿ ಅಳಿಸುವುದು ಜಿಸಿಯ ಕೆಲಸ. ಅದನ್ನು ಒಂದೊಂದು ಆದೇಶದ ಮಟ್ಟಿಗೆ ನಿಲ್ಲಿಸಬಹುದು, ಸೆಟ್ಟಿಂಗ್ ಕಡತದಲ್ಲಿ ಕಾಯಂ ಆಗಿ ನಿಲ್ಲಿಸಬಾರದು. ಜಿಸಿ ಆಫ್ ಎಂಬ ಆ ಸಾಲನ್ನು ತೆಗೆಯಿರಿ. ಬದಲಾಗದ ಗುರುತು ಬೇಕಾದರೆ ಯುಯುಐಡಿ ಬಳಸಿ. ಅಳಿದದ್ದು ‘ಟಾಸ್ಕ್ ಆಲ್’ನಲ್ಲಿ ಕಾಣುತ್ತದೆ, ಸ್ಥಿತಿಯನ್ನು ‘ಪೆಂಡಿಂಗ್’ ಮಾಡಿ ಹಿಂದಕ್ಕೆ ತರಬಹುದು.

ಇನ್ನೊಂದು ಮಾತು. ‘ಅಂಟಿಲ್’ ಲೆಕ್ಕ ಇಡುವುದು ಕ್ಯಾಲೆಂಡರಿನದು, ನಿಮ್ಮ ಉದಾಸೀನದ್ದಲ್ಲ. ನಿನ್ನೆ ಟಿಪ್ಪಣಿ ಸೇರಿಸಿದ ಕೆಲಸವೂ ಇಂದು ಹೋಗಬಹುದು. ಮುಟ್ಟಿದಾಗಲೆಲ್ಲ ಆಯಸ್ಸು ಬೆಳೆಯಬೇಕಾದರೆ ‘ಆನ್-ಮಾಡಿಫೈ’ ಹುಕ್, ಅಂದರೆ ಕೆಲಸ ಬದಲಾದಾಗಲೆಲ್ಲ ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ, ಬರೆಯಬೇಕು. ಅದಕ್ಕೆ ಕೆಲಸದ ವಿವರ ಜೇಸನ್ ಎಂಬ ಪಠ್ಯ ನಮೂನೆಯಲ್ಲಿ ಹಳೆಯದು, ಹೊಸದು ಎಂದು ಎರಡು ಸಾಲಾಗಿ ಬರುತ್ತದೆ. ಹೊಸದರಲ್ಲಿ ‘ಅಂಟಿಲ್’ ತಿದ್ದಿ ಮರಳಿ ಮುದ್ರಿಸಿದರೆ ಆಯಿತು.

ಕಡತಗಾರ:
ಸ್ಕ್ಯಾನರ್ ಹೋಯಿತು! ಆದರೆ ಮೊನ್ನೆಯಷ್ಟೇ ಮುಟ್ಟಿದ ತೆರಿಗೆ ಕಡತದ ಕೆಲಸವೂ ಹೋಗಿದೆ. ಹಿಂದಕ್ಕೆ ತಂದರೆ ಪಟ್ಟಿ ತೆರೆದ ಕೂಡಲೇ ಮತ್ತೆ ಮಾಯ.

ಮಲೆನಾಡ_ಮಳೆ:
ಹಳೆಯ ‘ಅಂಟಿಲ್’ ಹಾಗೇ ಉಳಿದಿದೆ. ಸ್ಥಿತಿ ಬದಲಿಸುವಾಗಲೇ ಅದನ್ನೂ ಖಾಲಿ ಮಾಡಿ.

ಕಡತಗಾರ:
ಈಗ ಆ ಕೆಲಸ ಪಟ್ಟಿಯಲ್ಲೇ ಉಳಿಯಿತು. ಹುಕ್ ಬರೆದಿದ್ದೇನೆ, ಓಡುತ್ತಲೇ ಇಲ್ಲ.

ಮಲೆನಾಡ_ಮಳೆ:
ಕಡತಕ್ಕೆ ಎಕ್ಸಿಕ್ಯೂಟ್, ಅಂದರೆ ಓಡಿಸುವ, ಅನುಮತಿ ಇದೆಯೇ? ಹೆಸರು ‘ಆನ್-ಮಾಡಿಫೈ’ ಎಂದೇ ಶುರುವಾಗುತ್ತದೆಯೇ? ‘ಟಾಸ್ಕ್ ಡಯಾಗ್ನಾಸ್ಟಿಕ್ಸ್’ ಕೊಟ್ಟು ಹುಕ್‌ಗಳ ಭಾಗವನ್ನು ಇಲ್ಲಿ ಹಾಕಿ.