ಕಿವಿಯಲ್ಲಿ ಬಿಡದೆ ಗುಂಯ್ ಸದ್ದು: ಗಿರಣಿ ಕೆಲಸಕ್ಕೂ ಇದಕ್ಕೂ ಏನು ಸಂಬಂಧ, ಕಡಿಮೆ ಮಾಡೋದು ಹೇಗೆ?

ಹರಿಹರದವ (ಪ್ರಶ್ನೆ)

ತಂದೆಯವರಿಗೆ 58 ವರ್ಷ. ಹಿಟ್ಟಿನ ಗಿರಣಿ, ಅದರ ಪಕ್ಕದಲ್ಲೇ ಖಾರದಪುಡಿ ಮಷೀನು, 26 ವರ್ಷದಿಂದ ಅಲ್ಲೇ ಕೆಲಸ. ಆರು ತಿಂಗಳಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸಣ್ಣ ಸದ್ದು, ನಿಲ್ಲೋದೇ ಇಲ್ಲ. ಹಗಲು ಗೊತ್ತಾಗಲ್ಲ, ರಾತ್ರಿ ಲೈಟ್ ಆರಿಸಿದ ಮೇಲೆ ತಡೆಯೋಕಾಗಲ್ಲ ಅಂತಾರೆ. ತಲೆಸುತ್ತು ಇಲ್ಲ, ಕಿವಿ ಸೋರಲ್ಲ.

ಆಡಿಯೋಗ್ರಾಂ (ಯಾವ ಸ್ವರ ಎಷ್ಟು ಸದ್ದಿಗೆ ಕೇಳಿಸುತ್ತೆ ಅನ್ನೋ ಪರೀಕ್ಷೆಯ ವರದಿ) ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ: 250ರಿಂದ 2000 ಹರ್ಟ್ಜ್‌ವರೆಗೆ 20–25 ಡಿಬಿ, 3000ಕ್ಕೆ 40, 4000ಕ್ಕೆ 60, 6000ಕ್ಕೆ 50, 8000ಕ್ಕೆ 35. ಬಿಪಿಗೆ ಟೆಲ್ಮಿಸಾರ್ಟನ್ 40, ಜೊತೆಗೆ ಆಸ್ಪಿರಿನ್ 75 ತಗೋತಾರೆ. ಸದ್ದಿಗೆ ಅಂತ ಎರಡು ತಿಂಗಳು ಬೀಟಾಹಿಸ್ಟಿನ್ ಮತ್ತು ಗಿಂಕೊ (ಒಂದು ಮರದ ಎಲೆಯ ಸಾರ) ಮಾತ್ರೆ ಕೊಟ್ಟಿದ್ದರು, ಏನೂ ಬದಲಾಗಿಲ್ಲ. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಿ ಅಂತಿದ್ದಾರೆ. ಸದ್ದು ಎಲ್ಲಿಂದ ಬರ್ತಿದೆ? ಹೋಗುತ್ತಾ? ಆಸ್ಪಿರಿನ್ ನಿಲ್ಲಿಸಬೇಕಾ? ತಿಳಿದವರು ದಯವಿಟ್ಟು ಹೇಳಿ.

ಶ್ರವಣ ಪರೀಕ್ಷಕಿ, ಮೈಸೂರು

ನೀವು ಅಂಕಿಗಳನ್ನು ಬರೆದದ್ದು ಒಳ್ಳೆಯದಾಯಿತು. ಅದರಲ್ಲೇ ಮುಕ್ಕಾಲು ಉತ್ತರ ಇದೆ. ಇಲ್ಲಿ ಡಿಬಿ ಅಂಕಿ ದೊಡ್ಡದಾದಷ್ಟೂ ಕಿವಿ ಮಂದ, ಕಾಗದದ ಮೇಲೆ ಗೆರೆಯೂ ಅಷ್ಟು ಕೆಳಗೆ.

2000ದವರೆಗೆ ಸರಿಯಾಗಿದ್ದು, 4000ದಲ್ಲಿ ಗುಂಡಿ ಬಿದ್ದ ಹಾಗೆ 60ಕ್ಕೆ ಇಳಿದು, 8000ಕ್ಕೆ ಬರುವಾಗ ಮತ್ತೆ 35ಕ್ಕೆ ಏರಿದೆ. ಗದ್ದಲದಿಂದ ಆದ ಹಾನಿ ಕಾಗದದ ಮೇಲೆ ಹೀಗೇ ಕಾಣಿಸುವುದು. ಬರೀ ವಯಸ್ಸಿನ ಕಿವುಡಾಗಿದ್ದರೆ ಗೆರೆ 8000ದವರೆಗೂ ಇಳಿಯುತ್ತಲೇ ಹೋಗುತ್ತಿತ್ತು, ಮೇಲೇಳುತ್ತಿರಲಿಲ್ಲ. 4000ದಲ್ಲೇ ಯಾಕೆ ಅಂದರೆ, ನಮ್ಮ ಕಿವಿಯ ನಾಳ ಒಂದು ಕೊಳವೆ. ಅದರ ಉದ್ದಕ್ಕೆ ತಕ್ಕಂತೆ 2500–3000 ಹರ್ಟ್ಜ್ ಸುತ್ತಲಿನ ಸದ್ದನ್ನು ಅದೇ ಹಿಗ್ಗಿಸಿ ಒಳಗೆ ಕಳಿಸುತ್ತದೆ. ಏಟು ಬೀಳುವುದು ಅದಕ್ಕಿಂತ ಸ್ವಲ್ಪ ಮೇಲಿನ ಸ್ವರ ಹಿಡಿಯುವ, ಒಳಗಿವಿಯ ಕೂದಲು ಕೋಶಗಳಿಗೆ. ಆ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಸದ್ದು ಹುಟ್ಟುವುದು ಇದರ ಮುಂದಿನ ಹಂತದಲ್ಲಿ. 4000ದ ಜಾಗದಿಂದ ಮಿದುಳಿಗೆ ಬರಬೇಕಾದ ಸಂದೇಶ ಕಡಿಮೆಯಾಯಿತು ಅಂದುಕೊಳ್ಳಿ. ಸ್ಟೇಷನ್ ಸರಿಯಾಗಿ ಸಿಗದ ರೇಡಿಯೋದ ವಾಲ್ಯೂಮ್ ನಾವು ಏರಿಸುತ್ತೇವಲ್ಲ, ಮಿದುಳೂ ಹಾಗೇ ಮಾಡುತ್ತದೆ. ಆಗ ನರಗಳ ಒಳಗಿನ ಸಹಜ ಚಟುವಟಿಕೆಯೇ ಸದ್ದಾಗಿ ಕೇಳಿಸುತ್ತದೆ. ತಂದೆಯವರಿಗೆ ಜೀರುಂಡೆಯಂಥ ತೆಳು ಸ್ವರ ಕೇಳಿಸುತ್ತಿರುವುದು ಇದಕ್ಕೇ, ಸಾಮಾನ್ಯವಾಗಿ ಕಿವಿ ಎಲ್ಲಿ ಮಂದವಾಗಿದೆಯೋ ಸದ್ದಿನ ಸ್ವರವೂ ಅದರ ಆಸುಪಾಸಿನಲ್ಲೇ ಇರುತ್ತದೆ. ಕಿವಿ ಚೆನ್ನಾಗಿರುವವರಿಗೂ ಪೂರ್ತಿ ನಿಶ್ಶಬ್ದದಲ್ಲಿ ಇಂಥದ್ದು ಕೇಳುತ್ತದೆ. 1953ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಸರಿಯಾಗಿ ಕೇಳಿಸುವ 80 ಜನರನ್ನು ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿದಾಗ ನೂರಕ್ಕೆ 94 ಮಂದಿ ಏನೋ ಒಂದು ಸದ್ದು ಕೇಳಿಸಿತು ಎಂದರು. ರಾತ್ರಿ ಜೋರಾಗುವುದಕ್ಕೂ ಇದೇ ಕಾರಣ. ಸದ್ದು ಏರುವುದಿಲ್ಲ, ಸುತ್ತಲಿನದು ಇಳಿಯುತ್ತದೆ.

ಒಂದು ಮಾತು ಕೇಳಿ ಖಚಿತಪಡಿಸಿಕೊಳ್ಳಿ: ಪರೀಕ್ಷೆಯ ಹಿಂದಿನ ದಿನ ಅವರು ಗಿರಣಿಯಲ್ಲಿದ್ದರೇ? ಗದ್ದಲದಿಂದ ನೇರ ಬಂದು ಕೂತರೆ ತಾತ್ಕಾಲಿಕ ಮಂದತನವೂ ಸೇರಿ 10–15 ಡಿಬಿ ಕೆಟ್ಟದಾಗಿ ಬರಬಹುದು. ಕನಿಷ್ಠ 14 ಗಂಟೆ ಗದ್ದಲದಿಂದ ದೂರ ಇದ್ದು ಬೆಳಿಗ್ಗೆ ಮಾಡಿಸಿದ್ದೇ ಲೆಕ್ಕ.

ಈಗ ಪರಿಹಾರ. ಇಂಥ ಆಡಿಯೋಗ್ರಾಂಗೆ ಮೊದಲು ನೋಡಬೇಕಾದ್ದು ಶ್ರವಣ ಸಾಧನ. "ನಮ್ಮಪ್ಪನಿಗೆ ಕೇಳಿಸುತ್ತೆ, ಮಷೀನ್ ಯಾಕೆ" ಅಂತ ಎಲ್ಲರೂ ಹೇಳುತ್ತಾರೆ. ಅವರಿಗೆ ಮಾತು ಕೇಳಿಸುತ್ತದೆ, ಆದರೆ ಸ, ಶ, ಫ, ತ ಇಂಥ ಸಣ್ಣ ಧ್ವನಿಗಳೂ ಎಲೆ ಸರಸರ ಎನ್ನುವುದೂ ಒಳಗೆ ಹೋಗುತ್ತಿಲ್ಲ. ಅದನ್ನು ವಾಪಸ್ ಕೊಟ್ಟರೆ ಮಿದುಳು ವಾಲ್ಯೂಮ್ ಏರಿಸುವ ಅಗತ್ಯ ಕಡಿಮೆಯಾಗುತ್ತದೆ, ಒಳಗಿನ ಸದ್ದು ಹೊರಗಿನದರಲ್ಲಿ ಬೆರೆಯುತ್ತದೆ. ಆದರೆ ಎಡವುವ ಜಾಗಗಳಿವೆ:

ಕಿವಿ ಪೂರ್ತಿ ಮುಚ್ಚುವ ಅಚ್ಚು ಇವರಿಗೆ ಬೇಡ. ಕೆಳಸ್ವರ ಚೆನ್ನಾಗಿ ಕೇಳುವವರ ನಾಳ ಮುಚ್ಚಿದರೆ ತಮ್ಮದೇ ಮಾತು ಕೊಡದೊಳಗೆ ಮಾತಾಡಿದ ಹಾಗೆ ಕೇಳಿಸುತ್ತದೆ, ಹೊರಗಿನ ಸದ್ದು ನಿಂತು ಗುಂಯ್ ಇನ್ನೂ ಎದ್ದು ಬರುತ್ತದೆ. ಕಿವಿಯ ಹಿಂದೆ ಕೂತು, ತೆಳು ತಂತಿಯ ತುದಿಗೆ ತೂತಿರುವ ಓಪನ್ ಡೋಮ್ ಇರುವ ಮಾದರಿ ಕೇಳಿ. ಗದ್ದಲ ಕಡಿಮೆ ಮಾಡುವ ಸೆಟಿಂಗ್ ಅಂಗಡಿಯಲ್ಲಿ ಜೋರಾಗಿ ಇಟ್ಟಿರುತ್ತಾರೆ. ಕಿವಿಸದ್ದು ಇರುವವರಿಗೆ ಅದನ್ನು ತಗ್ಗಿಸಬೇಕು, ಫ್ಯಾನಿನ ಸದ್ದು, ಅಡುಗೆಮನೆಯ ಸದ್ದು ಒಳಗೆ ಬರಲಿ. ದಿನಕ್ಕೆ ಎಂಟು ಗಂಟೆಯಾದರೂ ಹಾಕಬೇಕು, ಮದುವೆಗೆ ಮಾತ್ರ ಹಾಕಿದರೆ ಫಲ ಇಲ್ಲ. ಕೊಳ್ಳುವ ಮೊದಲು ಎರಡರಿಂದ ನಾಲ್ಕು ವಾರ ಟ್ರಯಲ್‌ಗೆ ಕೇಳಿ. ಆನ್‌ಲೈನ್‌ನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ ಆಂಪ್ಲಿಫೈಯರ್ ಎಲ್ಲ ಸ್ವರವನ್ನೂ ಒಂದೇ ಸಮ ಏರಿಸುತ್ತದೆ, ಸರಿ ಇರುವ ಭಾಗಕ್ಕೂ ಹೊಡೆತ. ಅದು ಬೇಡವೇ ಬೇಡ. ಗಿರಣಿ ಓಡುವಾಗ ಶ್ರವಣ ಸಾಧನ ತೆಗೆದಿಡಬೇಕು.

ರಾತ್ರಿಗೆ: ಮಲಗುವ ಕೋಣೆ ನಿಶ್ಶಬ್ದ ಇರಬಾರದು. ಮಳೆ ಸದ್ದು, ಝರಿಯ ಸದ್ದು, ಯಾವುದಾದರೂ ಏರಿಳಿತವಿಲ್ಲದ್ದು. ಹಾಡು, ವಾರ್ತೆ ಬೇಡ, ಮನಸ್ಸು ಅದರ ಹಿಂದೆ ಹೋಗುತ್ತದೆ. ಸ್ಪೀಕರ್ ತಲೆಯಿಂದ ಮೂರ್ನಾಲ್ಕು ಅಡಿ ದೂರ, ಇಯರ್‌ಫೋನ್ ಅಲ್ಲ. ವಾಲ್ಯೂಮ್ ವಿಷಯದಲ್ಲೇ ಎಲ್ಲರೂ ತಪ್ಪುವುದು. ಗುಂಯ್ ಪೂರ್ತಿ ಮುಳುಗುವಷ್ಟು ಇಡಬೇಡಿ. ಮೊದಲು ಸೊನ್ನೆಯಿಂದ ನಿಧಾನ ಏರಿಸಿ, ಎರಡೂ ಒಟ್ಟಿಗೆ ಕೇಳುವ, ಒಳಗಿನದು ಇನ್ನೂ ತುಸು ಮೇಲಿರುವ ಹಂತಕ್ಕೆ ನಿಲ್ಲಿಸಿ. ಕೇಳಿಸದೇ ಇದ್ದರೆ ಮಿದುಳು ಅದನ್ನು ಲೆಕ್ಕಕ್ಕಿಲ್ಲದ್ದು ಎಂದು ಬಿಡಲು ಕಲಿಯುವುದೇ ಇಲ್ಲ. ಟೈಮರ್ ಹಾಕಬೇಡಿ, ನಡುರಾತ್ರಿ ಥಟ್ಟನೆ ನಿಂತಾಗಲೇ ಎಚ್ಚರ ಆಗುತ್ತದೆ.

ಸದ್ದು ಪೂರ್ತಿ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ, 26 ವರ್ಷದ ಹಾನಿ ಇದೆ. ಅದು ಇದ್ದೂ ಗಮನಕ್ಕೆ ಬಾರದ ಹಾಗೆ ಆಗುವುದು ಮಾತ್ರ ಸಾಧ್ಯ, ತುಂಬ ಜನರಿಗೆ ಆಗುತ್ತದೆ. ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ. ಈಗಲೇ ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ 25 ಪ್ರಶ್ನೆಗಳ ಪಟ್ಟಿ ತುಂಬಿಸಿಡಿ, ನೂರಕ್ಕೆ ಎಷ್ಟು ಬಂತು ಬರೆದಿಡಿ, ಮೂರು ತಿಂಗಳಿಗೆ ಮತ್ತೆ ತುಂಬಿಸಿ. "ಹೇಗಿದೆ ಅಪ್ಪಾ" ಅಂತ ದಿನಾ ಕೇಳಬೇಡಿ. ಕೇಳಿದಷ್ಟೂ ಅವರು ಸದ್ದನ್ನೇ ಹುಡುಕಿ ಆಲಿಸುತ್ತಾರೆ.

ಔಷಧಿ ಅಂಗಡಿ

ಆಸ್ಪಿರಿನ್ ನಿಲ್ಲಿಸಬೇಡಿ! ಆಸ್ಪಿರಿನ್‌ನಿಂದ ಕಿವಿ ಗುಂಯ್ ಅನ್ನೋದು ದಿನಕ್ಕೆ ಗ್ರಾಂಗಟ್ಟಲೆ ತಗೊಂಡಾಗ, ಹಿಂದೆ ಸಂಧಿವಾತಕ್ಕೆ ಕೊಡ್ತಿದ್ದ ಪ್ರಮಾಣದಲ್ಲಿ. 75 ಮಿಲಿಗ್ರಾಂ ಹೃದಯಕ್ಕೆ ಕೊಟ್ಟಿದ್ದು, ಅದನ್ನ ಬರೆದುಕೊಟ್ಟ ಡಾಕ್ಟರನ್ನ ಕೇಳದೆ ಮುಟ್ಟೋ ಹಾಗಿಲ್ಲ. ಅದರ ಜೊತೆ ಗಿಂಕೊ ಬೇಡ, ಎರಡೂ ರಕ್ತ ಹೆಪ್ಪುಗಟ್ಟೋದನ್ನ ತಗ್ಗಿಸುವಂಥವು. ಅಮೆರಿಕದ ಇಎನ್‌ಟಿ ತಜ್ಞರ ಸಂಘ 2014ರ ಮಾರ್ಗಸೂಚಿಯಲ್ಲಿ ಕಿವಿಸದ್ದಿಗೆ ಗಿಂಕೊ, ಮೆಲಟೋನಿನ್, ಜಿಂಕ್ ಯಾವುದನ್ನೂ ಸಲಹೆ ಮಾಡಬಾರದು ಅಂತಲೇ ಬರೆದಿದೆ. ಬೀಟಾಹಿಸ್ಟಿನ್ ಕೊಡೋದು ಮೆನಿಯರ್ಸ್ ಅನ್ನೋ ಒಳಗಿವಿಯ ಕಾಯಿಲೆಯ ತಲೆಸುತ್ತಿಗೆ. ತಲೆಸುತ್ತೇ ಇಲ್ಲದ ಇವರಿಗೆ ಅದರಿಂದ ಏನೂ ಆಗದಿದ್ದರೆ ಆಶ್ಚರ್ಯ ಇಲ್ಲ.

ಕಿವಿಗೆ ನಿಜವಾಗಿ ಹಾನಿ ಮಾಡೋ ಔಷಧಿಗಳು ಬೇರೆ ಇವೆ: ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಕ್ಯಾನ್ಸರ್‌ಗೆ ಕೊಡೋ ಸಿಸ್‌ಪ್ಲಾಟಿನ್, ಮಲೇರಿಯಾದ ಕ್ವಿನೈನ್, ಹೆಚ್ಚು ಪ್ರಮಾಣದ ಫ್ಯುರೊಸೆಮೈಡ್. ಮುಂದೆ ಯಾವ ಆಸ್ಪತ್ರೆಗೆ ಸೇರಿಸಿದರೂ "ಇವರಿಗೆ ಮೊದಲೇ ಕಿವಿ ಮಂದ" ಅಂತ ಹೇಳಿ, ಬದಲಿ ಇದ್ದರೆ ಅದನ್ನೇ ಕೊಡ್ತಾರೆ. ನಿದ್ದೆಗೆ ಅಂತ ಕ್ಲೊನಾಜೆಪಾಮ್ ಕೇಳ್ಕೊಂಡು ಬರೋರು ಬಹಳ. ಅದು ಅಭ್ಯಾಸ ಆಗುತ್ತೆ, ಬಿಡುವಾಗ ಸದ್ದು ಇನ್ನೂ ಜೋರಾದ ಹಾಗೆ ಅನಿಸುತ್ತೆ.

ಬೆಳ್ಳುಳ್ಳಿ ಎಣ್ಣೆ ಅಜ್ಜಿಗೆ ನಯವಾಗಿ ಬೇಡ ಅನ್ನಿ. ಬಿಸಿ ಅಂದಾಜು ತಪ್ಪಿದರೆ ಕಿವಿಯ ತಮಟೆ ಸುಡುತ್ತೆ. ಎಣ್ಣೆ ನಿಂತು ತೇವ ಆದರೆ ಬೂಷ್ಟು ಹಿಡಿಯುತ್ತೆ, ಒಳಗೆ ಒದ್ದೆ ಪೇಪರ್ ತುಂಬಿದ ಹಾಗೆ ಕಾಣುತ್ತೆ, ತುರಿಕೆ ತಡೆಯೋಕಾಗಲ್ಲ.

ಇಎನ್‌ಟಿ, ಹುಬ್ಬಳ್ಳಿ

ಮೇಡಂ ಹೇಳಿದ್ದು ಸರಿಯಾಗಿದೆ. ಇದನ್ನು ಓದುವ ಬೇರೆಯವರು "ನನಗೂ ಇದೇ" ಅಂದುಕೊಂಡು ಸುಮ್ಮನಾಗಬಾರದು, ಅದಕ್ಕೆ ಈ ನಾಲ್ಕು ಮಾತು.

ಒಂದೇ ದಿನದಲ್ಲಿ, ಅಥವಾ ಬೆಳಿಗ್ಗೆ ಎದ್ದಾಗ ಒಂದು ಕಿವಿ ಗಪ್ಪನೆ ಮುಚ್ಚಿದಂತಾಗಿ ಗುಂಯ್ ಶುರುವಾದರೆ ಅದು ತುರ್ತು. ಗುಗ್ಗೆ ಇರಬೇಕು ಅಂತ ಹತ್ತು ದಿನ ಡ್ರಾಪ್ಸ್ ಹಾಕಿಕೊಂಡು ಬರುತ್ತಾರೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮನೆಯಲ್ಲೇ ನೋಡಲು ಒಂದು ಉಪಾಯ: ಬಾಯಿ ಮುಚ್ಚಿ "ಮ್ಮ್ಮ್" ಎಂದು ಗುನುಗಿ. ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯೋ ನೀರೋ ಇರುವ ಸಾಧ್ಯತೆ ಹೆಚ್ಚು. ಚೆನ್ನಾಗಿರುವ ಕಿವಿಯಲ್ಲಿ ಜೋರಾದರೆ ನರದ ತೊಂದರೆ ಎಂದು ಶಂಕಿಸಿ ಅವತ್ತೇ ಹೊರಡಿ. ಅದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಇದೆ, ಮೊದಲ ಎರಡು ವಾರದೊಳಗೆ ಶುರು ಮಾಡಬೇಕು. ಮೊದಲ ದಿನಗಳಲ್ಲೇ ಆದರೆ ಇನ್ನೂ ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಔಷಧವನ್ನು ತಮಟೆಯ ಮೂಲಕ ನೇರ ಕೊಡುವ ದಾರಿಯೂ ಇದೆ.

ತಿಂಗಳುಗಳಿಂದ ಒಂದೇ ಕಿವಿಯಲ್ಲಿ ಸದ್ದಿದ್ದು, ಆ ಕಿವಿಯೇ ಹೆಚ್ಚು ಮಂದವಾಗಿದ್ದರೆ ಎಂಆರ್‌ಐ ಬೇಕು. ಕಿವಿಯ ನರದ ಮೇಲೆ ಬೆಳೆಯುವ ಒಂದು ಗೆಡ್ಡೆ ಇದೆ, ಕ್ಯಾನ್ಸರ್ ಅಲ್ಲ, ಅಪರೂಪ, ಆದರೆ ಇಲ್ಲವೆಂದು ನೋಡಿಕೊಳ್ಳಬೇಕು. ಬಿಟ್ಟುಬಿಟ್ಟು ಬರುವ ತಲೆಸುತ್ತು, ಕಿವಿ ತುಂಬಿದ ಹಾಗೆ, ಸಮುದ್ರ ಮೊರೆದ ಹಾಗೆ ಸದ್ದು ಅಂದರೆ ಮೆನಿಯರ್ಸ್. ಅಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡುವುದೂ ಚಿಕಿತ್ಸೆಯ ಭಾಗವೇ. ಹಲ್ಲು ಕಚ್ಚಿದಾಗ, ದವಡೆ ಮುಂದೆ ತಂದಾಗ, ಕತ್ತು ತಿರುಗಿಸಿದಾಗ ಸದ್ದಿನ ಸ್ವರ ಬದಲಾದರೆ ದವಡೆ ಕೀಲು, ಕತ್ತಿನ ಸ್ನಾಯುಗಳನ್ನು ಪರೀಕ್ಷಿಸಬೇಕು. ಅಂಥವರಿಗೆ ಫಿಸಿಯೋಥೆರಪಿಯಿಂದ ಉಪಯೋಗ ಆಗುವುದುಂಟು.

ಸವಿತಾ_ಉಡುಪಿ

ಡಾಕ್ಟ್ರೇ, ನನ್ನ ತಂಗಿಗೆ 31. ಅವಳಿಗೆ ಗುಂಯ್ ಅಲ್ಲ, ಬಲಗಿವಿಯಲ್ಲಿ ಧಕ್ ಧಕ್ ಅಂತ ಕೇಳುತ್ತಂತೆ. ಮಲಗಿದಾಗ ಜಾಸ್ತಿ. ಇದೂ ಇದೇನಾ?

ಇಎನ್‌ಟಿ, ಹುಬ್ಬಳ್ಳಿ

ಅಲ್ಲಮ್ಮ, ಇದು ಬೇರೆ ದಾರಿ. ಮಣಿಕಟ್ಟಿನ ನಾಡಿ ಹಿಡಿದು ಸದ್ದು ಅದರ ತಾಳಕ್ಕೇ ಬರುತ್ತಿದೆಯೇ ನೋಡಲಿ. ತಾಳ ಕೂಡಿದರೆ ರಕ್ತದ ಹರಿವಿನ ಸದ್ದು. ಹಿಮೋಗ್ಲೋಬಿನ್, ಥೈರಾಯ್ಡ್, ಬಿಪಿ ಮೊದಲು. ರಕ್ತಹೀನತೆ ಸರಿಹೋದ ಮೇಲೆ ನಿಂತುಹೋಗುವ ಧಕ್ ಧಕ್ ಎಷ್ಟೋ ಇವೆ. ತಲೆನೋವು, ಬಗ್ಗಿದಾಗ ಕಣ್ಣು ಮಬ್ಬಾಗುವುದು, ಇತ್ತೀಚೆಗೆ ತೂಕ ಏರಿದ್ದು, ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನೊಯಿನ್ ತೆಗೆದುಕೊಳ್ಳುತ್ತಿರುವುದು, ಇವುಗಳಲ್ಲಿ ಯಾವುದಾದರೂ ಇದ್ದರೆ ತಲೆಯೊಳಗಿನ ಒತ್ತಡ ಹೆಚ್ಚಾಗಿರಬಹುದು. ಕಣ್ಣಿನ ಡಾಕ್ಟರ ಹತ್ತಿರ ಕಣ್ಣಿನ ಹಿಂಭಾಗದ ನರ ನೋಡಿಸಿ. ಅದು ಉಬ್ಬಿದ್ದರೆ ತಡ ಮಾಡುವ ಹಾಗಿಲ್ಲ, ದೃಷ್ಟಿಯ ಪ್ರಶ್ನೆ. ಎಲ್ಲ ಸರಿಯಿದ್ದರೂ ರಕ್ತನಾಳದ ಸ್ಕ್ಯಾನ್ ಒಂದು ಸಲ ಬೇಕು. ಸದ್ದು ನಿಲ್ಲಿಸಲು ಕತ್ತು ಒತ್ತಿಕೊಳ್ಳುವುದು ಬೇಡ.

ಹರಿಹರದವ

ಎಲ್ಲರಿಗೂ ತುಂಬಾ ಧನ್ಯವಾದ. ಪರೀಕ್ಷೆ ದಿನ ಅವರು ಗಿರಣಿಯಿಂದಲೇ ನೇರ ಹೋಗಿದ್ದರು, ಮತ್ತೆ ಮಾಡಿಸ್ತೀವಿ. ಗಿರಣಿ ಬಿಡೋಕಾಗಲ್ಲ. ಹತ್ತಿ ಇಟ್ಕೊಂಡರೆ ಸಾಕಾ?

ಕಾರ್ಖಾನೆ ಸುರಕ್ಷತೆ

ಹತ್ತಿ ಸಾಲದು ಸರ್. ಸದ್ದು ತಡೆದ ಭಾವನೆ ಕೊಡುತ್ತೆ, ತಡೆಯೋದು ಅಷ್ಟಕ್ಕಷ್ಟೆ.

ಲೆಕ್ಕ ಹೀಗೆ. ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡೋ ಅಮೆರಿಕದ ನಯೋಷ್ ಸಂಸ್ಥೆಯ ಮಿತಿ 85 ಡಿಬಿಗೆ 8 ಗಂಟೆ. ಪ್ರತಿ 3 ಡಿಬಿ ಏರಿದಾಗಲೂ ಹೊತ್ತು ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2, 100ಕ್ಕೆ ಬರೀ 15 ನಿಮಿಷ. ಅಳತೆಗೆ ಅವರದೇ ಸೌಂಡ್ ಲೆವೆಲ್ ಮೀಟರ್ ಆ್ಯಪ್ ಐಫೋನ್‌ಗೆ ಉಚಿತ. ಫೋನನ್ನು ತಂದೆಯವರ ಕಿವಿ ಪಕ್ಕ ಹಿಡಿದು ನೋಡಿ, ಮಷೀನ್ ಪಕ್ಕ ಅಲ್ಲ. ಮೀಟರ್ ಇಲ್ಲದಿದ್ದರೆ, ಒಂದು ತೋಳು ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾದರೆ 85 ದಾಟಿದೆ ಅಂತಲೇ ತಿಳ್ಕೊಳ್ಳಿ.

ಫೋಮ್ ಪ್ಲಗ್ ತಗೊಳ್ಳಿ. ಎಡಗೈಯನ್ನು ತಲೆ ಹಿಂದಿನಿಂದ ತಂದು ಬಲಗಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡೀಬೇಕು, ಆಗ ನಾಳ ನೆಟ್ಟಗಾಗುತ್ತೆ. ಬಲಗೈಯಲ್ಲಿ ಪ್ಲಗ್ಗನ್ನು ಊದಿನಕಡ್ಡಿ ಹೊಸೆದ ಹಾಗೆ ಸುಕ್ಕಿಲ್ಲದೆ ತೆಳ್ಳಗೆ ಹೊಸೆದು ಒಳಗಿಟ್ಟು, ಅದು ಉಬ್ಬೋವರೆಗೆ 30 ಸೆಕೆಂಡ್ ಬೆರಳಲ್ಲಿ ಒತ್ತಿ ಹಿಡೀರಿ. ಎದುರಿಂದ ನೋಡಿದವರಿಗೆ ಪ್ಲಗ್ ಹೊರಗೆ ಚಾಚಿ ಕಾಣಿಸಿದರೆ ಸರಿ ಕೂತಿಲ್ಲ. ಡಬ್ಬಿ ಮೇಲೆ, ಪ್ಲಗ್ ಎಷ್ಟು ಡಿಬಿ ತಗ್ಗಿಸುತ್ತೆ ಅನ್ನೋ ಗುರುತಾಗಿ, ಎನ್‌ಆರ್‌ಆರ್ 32 ಅಂತಿದ್ದರೆ ಅಷ್ಟೂ ಸಿಗಲ್ಲ. ಅದರಲ್ಲಿ 7 ಕಳೆದು ಅರ್ಧ ಮಾಡಿ, ಸುಮಾರು 12 ಡಿಬಿ ಸಿಗುತ್ತೆ ಅಂತ ನಂಬಿ. ಖಾರದಪುಡಿ ಮಷೀನ್ ಹಾಕುವಾಗ ಅದರ ಮೇಲೆ ಇಯರ್‌ಮಫ್ ಕೂಡ ಇರಲಿ. ಕೈಗೆ ಖಾರದ ಪುಡಿ ಹತ್ತಿದಾಗ ಪ್ಲಗ್ ಮುಟ್ಟಬಾರದು, ಬೆಳಿಗ್ಗೆಯೇ ಹಾಕ್ಕೊಂಡು ಬಿಡಬೇಕು. ಗಿರಣಿಯಿಂದ ಹೊರಗೆ ಬಂದ ಕೂಡಲೇ ತೆಗೀಬೇಕು, ನಿಶ್ಶಬ್ದದಲ್ಲಿ ಪ್ಲಗ್ ಇದ್ದರೆ ಗುಂಯ್ ಜಾಸ್ತಿ ಆಗುತ್ತೆ.

ಮಷೀನ್ ಕಡೆಯೂ ನೋಡಿ: ಒಣಗಿದ ಬೇರಿಂಗ್, ಓರೆಯಾದ ಬೆಲ್ಟ್, ಸಡಿಲವಾದ ಜಾಲರಿ ಬೋಲ್ಟ್. ಬುಡಕ್ಕೆ ದಪ್ಪ ರಬ್ಬರ್ ಪ್ಯಾಡ್ ಕೊಟ್ಟರೆ ನೆಲ ನಡುಗೋದು ಕಡಿಮೆ. ಕಾಳು ಸುರಿದ ಮೇಲೆ ಹಿಟ್ಟು ಬೀಳೋವರೆಗೆ ಪಕ್ಕದಲ್ಲೇ ನಿಲ್ಲೋ ಅಭ್ಯಾಸ ಇರುತ್ತಲ್ಲ, ತಕ್ಕಡಿಯನ್ನು ಬಾಗಿಲ ಹತ್ತಿರ ಇಟ್ಟು ಅಲ್ಲಿ ಕೂರಿಸಿ.

ಶ್ರವಣ ಪರೀಕ್ಷಕಿ, ಮೈಸೂರು

ಮರುಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಬರಬಹುದು. ಹಳೆಯ ಆಡಿಯೋಗ್ರಾಂ, ಮಾತ್ರೆಗಳ ಪಟ್ಟಿ, ಆಧಾರ್ ತನ್ನಿ. ಹಿಂದಿನ ದಿನ ಗಿರಣಿಗೆ ರಜೆ. ಸದ್ದಿನ ಸ್ವರ, ಮಟ್ಟ ಎಷ್ಟು ಎಂದು ಹೊಂದಿಸಿ ನೋಡುವ ಪರೀಕ್ಷೆಯನ್ನೂ ಕೇಳಿ. ಎಷ್ಟೋ ಸಲ ಅದು ಅವರ ಕೇಳುವ ಮಟ್ಟಕ್ಕಿಂತ ಹತ್ತು ಡಿಬಿಯೂ ಮೇಲಿರುವುದಿಲ್ಲ, ಅದನ್ನು ತಿಳಿದಾಗಲೇ ಅರ್ಧ ಭಯ ಇಳಿಯುತ್ತದೆ. ಆಮೇಲೂ ನಿದ್ದೆ ಬಾರದೆ "ಈ ಸದ್ದಲ್ಲಿ ಬದುಕೋದು ಹೇಗೆ" ಎನ್ನುವ ಮಾತು ಬಾಯಲ್ಲಿ ಬಂದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ), ಅಂದರೆ ಮಾತುಕತೆಯ ಮೂಲಕ ಯೋಚನೆ, ನಡವಳಿಕೆಯನ್ನು ಬದಲಿಸುವ ಚಿಕಿತ್ಸೆ, ಸದ್ದನ್ನು ಕಡಿಮೆ ಮಾಡದಿದ್ದರೂ ಅದರ ಕಾಟವನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ಮೊದಲ ವಾರ ರಾತ್ರಿಯ ಮಳೆ ಸದ್ದಿನಿಂದ ಶುರು ಮಾಡಿ, ವಾಲ್ಯೂಮ್ ಎಷ್ಟಕ್ಕೆ ನಿಂತಿತು ಬರೆದಿಟ್ಟುಕೊಂಡು ಬನ್ನಿ.