‘ರಕ್ತ ಹೆಚ್ಚಾಗಿದೆ’ ಎಂಬುದು ಕಾಯಿಲೆಯ ಹೆಸರಾಗುವುದು ಹೇಗೆ?

ಮೂತ್ರಪಿಂಡದ ಕ್ಯಾನ್ಸರ್ ರೋಗಿಗಳ ಮನೆಯವರಿಗಾಗಿ ಕಲಬುರಗಿಯಲ್ಲಿ ಹಂಚಲು ನಾಲ್ಕು ಪುಟದ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಅಂಗದ ಹೆಸರಿನ ಬಗ್ಗೆ ತಕರಾರಿಲ್ಲ. ಮೂತ್ರಪಿಂಡವೆಂದರೂ ಕಿಡ್ನಿಯೆಂದರೂ ಮಟನ್ ಅಂಗಡಿಯ ಗುರ್ದಾ ಎಂದರೂ ಇಲ್ಲಿ ಅರ್ಥವಾಗುತ್ತದೆ. ತೊಡಕಿರುವುದು ಈ ಕ್ಯಾನ್ಸರಿನೊಂದಿಗೆ ರಕ್ತದಲ್ಲಾಗುವ ಏರುಪೇರುಗಳ ಹೆಸರಿನಲ್ಲಿ. ‘ರಕ್ತದ ಕಾಯಿಲೆಗಳು’ ಎಂಬ ನನ್ನ ಮೊದಲ ತಲೆಬರಹವನ್ನು ಕರಡು ಓದಿದ ಇಬ್ಬರೂ ಬ್ಲಡ್ ಕ್ಯಾನ್ಸರ್ ಎಂದೇ ತಿಳಿದರು.

ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಎಲುಬಿನ ಮಜ್ಜೆಗೆ ಸೂಚಿಸುವ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಮುಖ್ಯವಾಗಿ ಮೂತ್ರಪಿಂಡದಲ್ಲೇ ಹುಟ್ಟುತ್ತದೆ. ಕೆಲವರಲ್ಲಿ ಗಡ್ಡೆಯೇ ಅದನ್ನು ಅತಿಯಾಗಿ ಸುರಿಸತೊಡಗಿ, ಕೆಂಪುಕಣಗಳು ಮಿತಿಮೀರಿ, ರಕ್ತ ಮಂದವಾಗುತ್ತದೆ. ಇದನ್ನು ನಾನು ‘ರಕ್ತಾಧಿಕ್ಯ’ ಎಂದು ಬರೆದಿದ್ದೆ. ಓದಿ ಹೇಳಿದಾಗ ಚಿತ್ತಾಪುರ ಕಡೆಯ ಹಿರಿಯರೊಬ್ಬರು ತಮ್ಮ ತಮ್ಮನ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 18.2 ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, “ರಕ್ತ ಜಾಸ್ತಿ ಆದ್ರ ಛಲೋನೇ ಅಲ್ರೀ, ಮತ್ಯಾಕ ಅಂಜಸ್ತೀರಿ?” ಎಂದರು. ಅವರ ತರ್ಕ ಸರಿಯಾಗಿಯೇ ಇದೆ: ನಮ್ಮ ಆಡುಮಾತಿನಲ್ಲಿ ರಕ್ತ ಕಮ್ಮಿಯಾಗುವುದು ರೋಗ, ಹೆಚ್ಚುವುದು ಮೈ ತುಂಬಿಕೊಂಡ ಲಕ್ಷಣ. ಪಕ್ಕದಲ್ಲಿದ್ದವರು ಅದನ್ನು ಬಿ.ಪಿ. ಎಂದುಕೊಂಡರು.

ಇನ್ನೊಂದು ತೊಂದರೆಯೂ ಇದೆ. ಮಜ್ಜೆಯೇ ಕೆಟ್ಟು ಕೆಂಪುಕಣಗಳು ಹೆಚ್ಚುವ ಪಾಲಿಸೈಥೀಮಿಯಾ ವೆರಾ ಎಂಬ ಬೇರೊಂದು ಕಾಯಿಲೆಯಿದ್ದು, ಅದರಲ್ಲಿ ಎರಿತ್ರೊಪೊಯೆಟಿನ್ ಸಾಮಾನ್ಯವಾಗಿ ಇಳಿದಿರುತ್ತದೆ ಮತ್ತು ಬಹುಪಾಲು ರೋಗಿಗಳಲ್ಲಿ ಜೆಎಕೆ2 ಎಂಬ ವಂಶವಾಹಿಯ ಬದಲಾವಣೆ ಕಾಣುತ್ತದೆ; ಗಡ್ಡೆಯಿಂದಾದ ಏರಿಕೆಯಾದರೋ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ತೆಗೆದ ಮೇಲೆ ಇಳಿಯಬಲ್ಲದು. ಎರಡಕ್ಕೂ ‘ರಕ್ತಾಧಿಕ್ಯ’ ಎಂದರೆ, ವೈದ್ಯರು ಪರೀಕ್ಷೆಯಿಂದ ಬಿಡಿಸಿದ ಗಂಟನ್ನು ನಾವು ಪದದಿಂದ ಮತ್ತೆ ಬಿಗಿದಂತಾಗುತ್ತದೆ.

ಈ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕೆ ವಿರುದ್ಧವಾದ ರಕ್ತಹೀನತೆ. ಆ ಪದ ಅತಿಪರಿಚಿತವಾಗಿರುವುದೇ ಅದರ ದೋಷ. ಅದನ್ನು ಕಂಡೊಡನೆ ಓದುಗರ ಮನಸ್ಸು ಬೀಟ್‌ರೂಟು, ಬೆಲ್ಲ, ಕಬ್ಬಿಣದ ಮಾತ್ರೆಗಳತ್ತ ಓಡುತ್ತದೆ. ಮೂತ್ರದಲ್ಲಿ ರಕ್ತ ಹೋಗಿ ಕಬ್ಬಿಣ ಕಡಿಮೆಯಾಗಿದ್ದರೆ ಮಾತ್ರೆ ಬೇಕಾದೀತು. ಆದರೆ ರೋಗದ ಉರಿಯೂತದಿಂದ ದೇಹ ತನ್ನಲ್ಲಿರುವ ಕಬ್ಬಿಣವನ್ನೇ ಬಳಕೆಗೆ ಬಿಡದಿದ್ದಾಗ ಮಾತ್ರೆಯಷ್ಟೇ ಸಾಲದು. ಇಲ್ಲಿ ‘ಗಡ್ಡೆಯಿಂದಾದ ರಕ್ತಹೀನತೆ’ ಎಂದು ಕಾರಣವನ್ನು ಹೆಸರಿಗೇ ಅಂಟಿಸಿದ್ದೇನೆ.

ಏರಿಕೆಗೆ ಮಾತ್ರ ಒಪ್ಪುವ ಪದ ಸಿಕ್ಕಿಲ್ಲ. ಅತಿಸಾರದಲ್ಲಿರುವಂತೆ ‘ಅತಿ’ ಸೇರಿದರೆ ಕೇಡಿನ ಸೂಚನೆ ಬರುತ್ತದೆಂದು ‘ಅತಿರಕ್ತ’ ಎಂದು ನೋಡಿದೆ; ಅದು ಒತ್ತಡವನ್ನೋ ಸ್ರಾವವನ್ನೋ ನೆನಪಿಸುತ್ತದೆ. ‘ಅತಿಕೆಂಪುಕಣತೆ’ ಎಂದರೆ ಅರಿಸಮಾಸವೆಂದು ಹುಬ್ಬೇರಿಸುವವರಿದ್ದಾರೆ, ನನ್ನ ಕಿವಿಗೂ ಅದು ಹಿತವಲ್ಲ. ಸದ್ಯಕ್ಕೆ ‘ಕೆಂಪುಕಣಗಳ ಅತಿಯೇರಿಕೆ’ ಎಂದು ಬರೆದಿದ್ದೇನೆ. ಬೀದರ, ಯಾದಗಿರಿ ಕಡೆಯ ವೈದ್ಯರು ರೋಗಿಗೆ ಇದನ್ನು ಯಾವ ಮಾತಿನಲ್ಲಿ ಹೇಳುತ್ತಾರೆ? ಕೇಳಿದ ಕೂಡಲೇ ಬಿ.ಪಿ. ಅನ್ನಿಸದ, ‘ಛಲೋನೇ’ ಎಂದೂ ಅನ್ನಿಸದ ಪದ ಬಲ್ಲವರು ದಯವಿಟ್ಟು ತಿಳಿಸಬೇಕು.