ಬಿರುಗಾಳಿಗೆ ಕರೆಂಟು ಹೋದಾಗ ಗ್ಯಾಸ್ ಒಲೆ: ಭಾನುವಾರದ ತಪಾಸಣೆಗೆ ಹೆಸರು ಕೊಡಿ

ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಮುಂಬಯಿ ಪಕ್ಕದಲ್ಲೇ ಹಾದುಹೋಯಿತು. ಅಂಥ ಗಾಳಿ ಮತ್ತೆ ಬಂದು ಕರೆಂಟು ಹೋದರೆ ಇಂಡಕ್ಷನ್ ಇಟ್ಟವರೂ ಗ್ಯಾಸಿಗೇ ಬರಬೇಕು. ಎ ವಿಂಗಿನಲ್ಲಿ ಪೈಪ್ ಗ್ಯಾಸ್, ಬಿ ವಿಂಗಿನಲ್ಲಿ ಸಿಲಿಂಡರ್. ಭಾನುವಾರ ಬೆಳಿಗ್ಗೆ 10ಕ್ಕೆ ಮನೆಮನೆಗೆ ಹೋಗಿ ನೋಡೋಣ. ಏನೇನು ನೋಡಬೇಕು, ತಿಳಿದವರು ಬರೆಯಿರಿ.

ಬಿ-204:
ಮೊದಲು ಗಾಳಿ. ಕರೆಂಟು ಇಲ್ಲದಾಗ ಚಿಮ್ನಿ, ಎಕ್ಸಾಸ್ಟ್ ಫ್ಯಾನ್ ನಿಂತಿರುತ್ತವೆ. ಎರಚಲು ಬರುತ್ತದೆಂದು ಕಿಟಕಿಯನ್ನೂ ಮುಚ್ಚಿದರೆ ಉರಿಗೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ. ತಲೆನೋವು, ವಾಕರಿಕೆ ಶುರುವಾದರೆ ಒಲೆ ಆರಿಸಿ ಹೊರಗೆ ಬನ್ನಿ. ಮಳೆ ಹೊಡೆಯದ ಕಡೆಯ ಕಿಟಕಿ ಒಂದು ಗೇಣಾದರೂ ತೆರೆದಿರಲಿ. ಉರಿ ನೀಲಿಯಾಗಿರಬೇಕು, ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರ್ ತೂತು ಕಟ್ಟಿದೆ ಎಂದರ್ಥ. ಒಲೆ ಬಿಟ್ಟು ಹೋಗಬೇಡಿ: ಗಾಳಿಗೆ ಉರಿ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತದೆ.

ಗ್ಯಾಸ್ ಗೀಸರ್ ಇನ್ನೂ ಅಪಾಯ. ಅದು ಸೆಲ್ಲಿನಿಂದ ಹೊತ್ತಿಕೊಳ್ಳುತ್ತದೆ, ಬಾತ್‌ರೂಮಿನ ಫ್ಯಾನ್ ಮಾತ್ರ ತಿರುಗುವುದಿಲ್ಲ. ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಬಿಟ್ಟೇ ಸ್ನಾನಕ್ಕೆ ಹೋಗಿ.

ಎ-501:
ಅಣ್ಣಾ, ಗ್ಯಾಸ್ ವಾಸನೆ ಬಂದರೂ ಕರೆಂಟೇ ಇಲ್ಲದಾಗ ಸ್ವಿಚ್ಚಿನ ಭಯವಿಲ್ಲ ಅಲ್ಲವೇ?

ಬಿ-204:
ಇದೆ ಅಕ್ಕಾ. ಇನ್ವರ್ಟರ್ ಇರುವ ಮನೆಯಲ್ಲಿ ಸ್ವಿಚ್ಚಿಗೆ ಕರೆಂಟು ಇದ್ದೇ ಇರುತ್ತದೆ. ಇಲ್ಲದ ಮನೆಯಲ್ಲೂ ಕರೆಂಟು ಬಂದ ಕ್ಷಣ ಫ್ರಿಜ್ ತಾನಾಗಿ ಶುರುವಾಗುತ್ತದೆ, ಅದರ ರಿಲೇಯಲ್ಲಿ ಕಿಡಿ ಹಾರಬಹುದು. ಆದ್ದರಿಂದ ನಾಬ್, ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಬನ್ನಿ. ಮನೆಯೊಳಗಿನ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್ಚು) ಮುಟ್ಟಬೇಡಿ. ಕೆಳಗಿನ ಮೀಟರ್ ರೂಮಿನಲ್ಲಿ ವಾಸನೆ ಇಲ್ಲದಿದ್ದರೆ ಆ ಮನೆಯ ಮೇನ್ ಅಲ್ಲಿಂದ ಇಳಿಸಿ. ಮೇಣದಬತ್ತಿ ಬೇಡ, ಟಾರ್ಚನ್ನೂ ಹೊರಗೇ ಹೊತ್ತಿಸಿಕೊಳ್ಳಿ. ಸಿಲಿಂಡರಾದರೆ 1906ಕ್ಕೆ ಫೋನ್ ಮಾಡಿ, ಪೈಪ್ ಗ್ಯಾಸಾದರೆ ಬಿಲ್ಲಿನ ಮೇಲಿರುವ ತುರ್ತು ನಂಬರಿಗೆ. ಫೋನ್ ಮಾಡುವುದೂ ಹೊರಗೆ ಬಂದ ಮೇಲೆಯೇ.

ಎ-302:
ಪೈಪ್ ಗ್ಯಾಸಿನವರು ವಾಲ್ವ್ ಎಲ್ಲಿದೆ ಎಂದು ಮಕ್ಕಳಿಗೂ ತೋರಿಸಿ. ಹಿಡಿ ಪೈಪಿಗೆ ಅಡ್ಡವಾಗಿದ್ದರೆ ಬಂದ್, ನೇರವಾಗಿದ್ದರೆ ಚಾಲೂ. ಈ ಗ್ಯಾಸ್ ಹಗುರ, ಮೇಲೇರುತ್ತದೆ. ಸಿಲಿಂಡರಿನದು ಭಾರ, ನೆಲದಲ್ಲಿ ಹರಡುತ್ತದೆ. ಕರೆಂಟಿನಿಂದ ಹೊತ್ತುವ ಹಾಬ್ (ಕಟ್ಟೆಯಲ್ಲಿ ಕೂರಿಸಿದ ಗ್ಯಾಸ್ ಒಲೆ) ಇದ್ದವರು ಬೆಂಕಿಕಡ್ಡಿ ಗೀರಿ ಬರ್ನರಿನ ಬಳಿ ಹಿಡಿದು, ಆಮೇಲೆ ನಾಬ್ ತಿರುಗಿಸಿ. ಹೊತ್ತದಿದ್ದರೆ ಮುಚ್ಚಿ, ಗ್ಯಾಸ್ ಚದುರಲು ಬಿಟ್ಟು ಮತ್ತೆ ನೋಡಿ.

ಬಿ-003:
ನೆಲಮಹಡಿಯವರೇ, ನೀರು ಒಳಗೆ ಬಂದರೆ ತುಂಬಿದ ಸಿಲಿಂಡರೂ ತೇಲುತ್ತದೆ. 14.2 ಕಿಲೋ ಗ್ಯಾಸ್ ಸೇರಿ ಒಟ್ಟು ತೂಕ ಸುಮಾರು 30 ಕಿಲೋ, ಒಳಗಿನ ಜಾಗವೇ 33 ಲೀಟರಿಗೂ ಮೇಲೆ, ಅಂದರೆ ಅಷ್ಟು ನೀರಿಗಿಂತ ಹಗುರ. ತೇಲಿದರೆ ಟ್ಯೂಬ್ ಎಳೆದು ಕೀಳುತ್ತದೆ. ನೀರು ಹೊಸ್ತಿಲು ಮುಟ್ಟುವ ಮೊದಲೇ ರೆಗ್ಯುಲೇಟರ್ ತೆಗೆದು, ಸೇಫ್ಟಿ ಕ್ಯಾಪ್ ಹಾಕಿ, ನೆಟ್ಟಗೆ ನಿಲ್ಲಿಸಿ ಕಿಟಕಿಯ ಸರಳಿಗೆ ಕಟ್ಟಿ.

ಕಾರ್ಯದರ್ಶಿ:
ಹಾಗಾದರೆ ಭಾನುವಾರ: ಟ್ಯೂಬಿನ ವರ್ಷ (ಸುರಕ್ಷಾ ಟ್ಯೂಬಾದರೂ 5 ವರ್ಷಕ್ಕೆ ಬದಲಿಸಬೇಕು), ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂಬುದು, ಉರಿಯ ಬಣ್ಣ, ವಾಲ್ವ್. ಎ ವಿಂಗಿಗೆ 302, ಬಿ ವಿಂಗಿಗೆ 204. ನೆಲಮಹಡಿಯ ಹಗ್ಗ ಸೊಸೈಟಿ ಖರ್ಚಿನಲ್ಲಿ ತರುತ್ತೇನೆ. ಮೀಟರ್ ರೂಮಿನ ಬೀಗದ ಇನ್ನೊಂದು ಕೀ ಇಂದೇ ವಾಚ್‌ಮನ್ ಕೈಗೆ ಕೊಡುತ್ತೇನೆ. ಜೊತೆಗೆ ಬರುವವರು ಫ್ಲ್ಯಾಟ್ ನಂಬರ್ ಹಾಕಿ.

ಎ-501:
501, ಬರುತ್ತೇನೆ.